ಮೆದುಳೆಂಬ ಕೊನೆ ಹೊಲ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿ ದಾಟಿ ಮಾನ್ವಿ, ಸಿರವಾರ ಮುಟ್ಟುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಅಂತ ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು. ಮೇಲ್ಭಾಗದಲ್ಲಿ ಭತ್ತ ನೀರಲ್ಲಿ ನಿಂತಿರುತ್ತದೆ. ಕೊನೆ ಭಾಗದವರು ಗೇಜ್ ನೋಡುತ್ತಾ ಕೂರಬೇಕು. ಮೆದುಳು ಜ್ವರದ ಔಷಧಿಯ ಕಷ್ಟವೂ ಇಂಥದ್ದೇ.

ಮೆದುಳಿನ ಸುತ್ತ ತೆಳು ಪೊರೆಗಳಿವೆ. ಅಲ್ಲಿಗೆ ಬ್ಯಾಕ್ಟೀರಿಯಾ ನುಗ್ಗಿದರೆ ಮೆನಿಂಜೈಟಿಸ್. (ವೈರಸ್‌ನಿಂದ ಬರುವುದನ್ನೂ ಜನ ಮೆದುಳು ಜ್ವರ ಅಂತಲೇ ಕರೆಯುತ್ತಾರೆ. ನಾನು ಹೇಳುತ್ತಿರುವುದು ಬ್ಯಾಕ್ಟೀರಿಯಾದ್ದು.) ಜೋರು ಜ್ವರ, ತಲೆನೋವು, ವಾಂತಿ, ಗದ್ದ ಎದೆಗೆ ತಾಗಿಸಲಾಗದಷ್ಟು ಸೆಟೆದ ಕುತ್ತಿಗೆ. ಇದನ್ನು ತರುವವುಗಳಲ್ಲಿ ಮುಖ್ಯವಾದದ್ದು ನ್ಯೂಮೊಕಾಕಸ್. ಎಷ್ಟೋ ಮಕ್ಕಳ ಮೂಗು, ಗಂಟಲಲ್ಲಿ ಅದು ಸುಮ್ನೆ ಇದ್ದು ಹೋಗುತ್ತದೆ.

ರಕ್ತದಿಂದ ಮೆದುಳಿಗೆ ಹೋಗುವ ತೂಬು ಬಲು ಬಿಗಿ. ರಕ್ತದಲ್ಲಿ ಪೆನಿಸಿಲಿನ್ ತುಂಬಿ ಹರಿದರೂ ಮೆದುಳಿನ ಸುತ್ತಲ ನೀರಿಗೆ ಇಳಿಯುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಸೋಂಕು ಜೋರಾಗಿದ್ದಾಗ ತೂಬು ಕೊಂಚ ಸಡಿಲವಾಗುತ್ತದೆ, ವಾಸಿಯಾಗುತ್ತಾ ಬಂದಂತೆ ಮತ್ತೆ ಬಿಗಿಯಾಗುತ್ತದೆ. ಮಗು ಎದ್ದು ಕೂತು ಆಡತೊಡಗಿದರೂ ಡಾಕ್ಟರು ಡೋಸ್ ಇಳಿಸದಿರುವುದು ಇದಕ್ಕೇ.

ಲ್ಯಾಬಿನ ಲೆಕ್ಕವೂ ಇದರಿಂದಲೇ ಬದಲಾಗುತ್ತದೆ. ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಪೆನಿಸಿಲಿನ್ ಇದ್ದರೆ ಬೆಳವಣಿಗೆ ನಿಲ್ಲಿಸುವ ನ್ಯೂಮೊಕಾಕಸ್ ಒಂದಿದೆ ಅನ್ನಿ. ಅದು ಶ್ವಾಸಕೋಶದಲ್ಲಿದ್ದರೆ ಪೆನಿಸಿಲಿನ್ ಇಂಜೆಕ್ಷನ್‌ಗೆ ಬಗ್ಗುತ್ತದೆ. ಬಗ್ಗುವುದನ್ನೂ ಬಗ್ಗದ್ದನ್ನೂ ಬೇರ್ಪಡಿಸುವ ಗೆರೆ ಅಲ್ಲಿ ಇರುವುದು 2ಕ್ಕೆ. ಮೆದುಳಿನ ಸುತ್ತಲ ನೀರೇ ಬೆನ್ನುಹುರಿಯ ಸುತ್ತಲೂ ಇರುತ್ತದೆ; ಅದೇ ಬ್ಯಾಕ್ಟೀರಿಯಾ ಹೀಗೆ ಬೆನ್ನಿನಿಂದ ತೆಗೆದ ನೀರಲ್ಲಿ ಸಿಕ್ಕರೆ ಬಗ್ಗದ ಗುಂಪಿಗೆ ಸೇರುತ್ತದೆ, ಯಾಕೆಂದರೆ ಇಲ್ಲಿ ಗೆರೆ ಬರೀ 0.06. ಬೇರೆ ಕಡೆ ಲೆಕ್ಕಕ್ಕೇ ಬಾರದ ಸಣ್ಣ ಮೊಂಡುತನ ಇಲ್ಲಿ ಜೀವಕ್ಕೆ ಕುತ್ತು.

ಈ ಮೊಂಡುತನ ಅದಕ್ಕೆ ಬರುವುದು ಹೇಗೆ? ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಪ್ರೋಟೀನಿಗೆ ಅಂಟಿಕೊಂಡು ಪೆನಿಸಿಲಿನ್ ಕೆಲಸ ಕೆಡಿಸುತ್ತದೆ. ನ್ಯೂಮೊಕಾಕಸ್ ಆ ಪ್ರೋಟೀನಿನ ಆಕಾರವನ್ನೇ ಬದಲಿಸಿಬಿಟ್ಟಿದೆ. ಅದಕ್ಕೆ ಬೇಕಾದ ಡಿಎನ್‌ಎ ತುಣುಕುಗಳನ್ನು ಗಂಟಲಲ್ಲೇ ಇರುವ ತನ್ನ ನೆಂಟ ಬ್ಯಾಕ್ಟೀರಿಯಾಗಳಿಂದ ಎತ್ತಿಕೊಳ್ಳುತ್ತದೆ. ಸತ್ತ ನ್ಯೂಮೊಕಾಕಸ್‌ನ ಗುಣ ಬದುಕಿರುವುದಕ್ಕೆ ದಾಟುತ್ತದೆ ಅಂತ ವಿಜ್ಞಾನಿ ಫ್ರೆಡರಿಕ್ ಗ್ರಿಫಿತ್ ಇಲಿಗಳಲ್ಲಿ ತೋರಿಸಿದ್ದು 1928ರಲ್ಲಿ. ಇನ್ನೊಬ್ಬ ವಿಜ್ಞಾನಿ ಫ್ಲೆಮಿಂಗ್ ಕಣ್ಣಿಗೆ ಪೆನಿಸಿಲಿನ್ ಕೊಡುವ ಬೂಸ್ಟು ಬಿದ್ದದ್ದೂ ಅದೇ ವರ್ಷ! ಔಷಧಿಯೂ ಅದನ್ನು ಸೋಲಿಸುವ ದಾರಿಯೂ ಒಟ್ಟಿಗೇ ಕಂಡಿದ್ದವು. 1977ರ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಹಲವು ಔಷಧಿಗಳಿಗೂ ಬಗ್ಗದ ನ್ಯೂಮೊಕಾಕಸ್ ಕಾಣಿಸಿಕೊಂಡಿತು.

ಈಗ ನಮ್ಮೂರಿನ ಮೆಡಿಕಲ್ ಶಾಪಿಗೆ ಬನ್ನಿ. ನೆಗಡಿಗೆ ಮೂರು ಆಂಟಿಬಯಾಟಿಕ್ ಗುಳಿಗೆ. ನೆಗಡಿಯ ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಮೂಗಿನಲ್ಲಿದ್ದ ಸಾಧು ಬ್ಯಾಕ್ಟೀರಿಯಾ ಸಾಯುತ್ತವೆ, ಮೊಂಡು ಉಳಿಯುತ್ತವೆ, ಪಕ್ಕದ ಮಗುವಿಗೂ ದಾಟುತ್ತವೆ. ಇನ್ನೊಂದು ನಷ್ಟ ನನಗೆ ಜಾಸ್ತಿ ಸಂಕಟ ಕೊಡುತ್ತದೆ. ಬೆನ್ನಿನಿಂದ ತೆಗೆಯುವ ನೀರು ಆರೋಗ್ಯವಂತರಲ್ಲಿ ತಿಳಿಯಾಗಿರುತ್ತದೆ, ಈ ರೋಗದಲ್ಲಿ ಗಂಜಿ ತಿಳಿಯಂತೆ ಮಬ್ಬು. ಅದನ್ನು ಲ್ಯಾಬಿನಲ್ಲಿ ಕುರಿ ರಕ್ತ ಬೆರೆಸಿದ ಕೆಂಪು ತಟ್ಟೆಗೆ ಸವರಿಟ್ಟರೆ ಮರುದಿನ ಹಸಿರು ಛಾಯೆಯ ಸಣ್ಣ ಚುಕ್ಕಿಗಳು ಮೂಡಬೇಕು. ಆಂಟಿಬಯಾಟಿಕ್ ಮೊದಲೇ ಒಳಗೆ ಹೋಗಿದ್ದರೆ ಎಷ್ಟೋ ಸಲ ತಟ್ಟೆ ಖಾಲಿ. ರೋಗ ಇದೆ, ಯಾವ ಔಷಧಿಗೆ ಬಗ್ಗುತ್ತದೆ ಅಂತ ತಿಳಿಯುವುದಿಲ್ಲ. ಅದಕ್ಕೇ ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಬಳ್ಳಾರಿಗೋ ಮಗುವನ್ನು ಎತ್ತಿಕೊಂಡು ಓಡುವಾಗ, ಕೊಟ್ಟ ಗುಳಿಗೆಯ ಶೀಟ್ ಕೈಯಲ್ಲಿರಲಿ.

ಈಗ ಡಾಕ್ಟರು ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಜೊತೆ ವ್ಯಾಂಕೊಮೈಸಿನ್ ಎಂಬ ಇನ್ನೊಂದನ್ನು ಸೇರಿಸಿ ಕೊಡುವುದುಂಟು. ಅದಕ್ಕೂ ಅದೇ ಬಿಗಿ ತೂಬು. ರೋಗವೇ ಬಾರದಂತೆ ತಡೆಯುವುದು ನ್ಯೂಮೊಕಾಕಸ್ ಲಸಿಕೆ, ಪಿಸಿವಿ. ಮೂಗಿನಲ್ಲಿ ಮನೆ ಮಾಡುವುದನ್ನೇ ಅದು ಕಡಿಮೆ ಮಾಡುತ್ತದೆ. ಮಗುವಿಗೆ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು ತುಂಬಿದಾಗ ಒಂದೊಂದು ಸೂಜಿ. ಮೊದಲೆರಡು ಊರಲ್ಲಿ ಆಗಿ, ಮೂರನೆಯದಕ್ಕೆ ಮನೆಮಂದಿ ಗುಳೆ ಹೋಗಿದ್ದರೆ ಅದು ತಪ್ಪಿಹೋಗುತ್ತದೆ. ಬೆಂಗಳೂರಿಗೆ ಹೊರಡುವ ಗಂಟಿನಲ್ಲಿ ತಾಯಿ ಕಾರ್ಡೂ ಇರಲಿ ಅಕ್ಕಾ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಸೂಜಿ ದುಡ್ಡಿಲ್ಲದೆ ಹಾಕುತ್ತಾರೆ.