ನೋವು ನೋಡಿ ಅಲ್ಲ, ಗಡಿಯಾರ ನೋಡಿ

ಶಿರಸಿ ಕಡೆ ಅಡಿಕೆ ಸುಲಿಯೋ ಟೈಮ್ ಬಂತಂದ್ರೆ ನಮ್ಮ ದೊಡ್ಡಾಯಿ ಮೆಟ್ಟುಗತ್ತಿ ಎದುರು ಕೂತವಳು ಏಳೋದೇ ಇಲ್ಲ, ಸೊಂಟ ಸೆಟೆದು ಇನ್ನಾಗಲ್ಲ ಅಂತಾದ್ಮೇಲೇ ಏಳೋದು, ಆಮೇಲೆ ಎರಡು ದಿನ ಹಾಸಿಗೆ, ಸ್ವಲ್ಪ ಕಮ್ಮಿ ಆಯ್ತಾ, ಉಳಿದಿದ್ದನ್ನೆಲ್ಲ ಒಂದೇ ದಿನ ಮುಗಿಸೋಕೆ ಮತ್ತೆ ಹೊರಡೋದು. ನಾಲ್ಕು ವರ್ಷದಿಂದ ಹೀಗೇ. ಮೊನ್ನೆ "ಎಂಗೆ ಈ ಮಾತ್ರೆ ಇಲ್ದೆ ಆಗ್ತಿಲ್ಲೆ ಅಪ್ಪಿ" ಅಂದ್ಲು. ಸ್ಟ್ರಿಪ್ ತಿರುಗಿಸಿ ನೋಡಿದ್ರೆ ಟ್ರಮಡಾಲ್.

ಇದು ಒಪಿಯಾಯ್ಡ್, ಅಂದ್ರೆ ಅಫೀಮಿನ ಥರ ಕೆಲಸ ಮಾಡೋ ನೋವಿನ ಔಷಧಿ, ಮಾರ್ಫಿನ್ ಜಾತಿದೇ, ಶಕ್ತಿ ಕಮ್ಮಿ ಅಷ್ಟೆ. ನಮ್ಮ ದೇಶದಲ್ಲಿ 2018ರಲ್ಲಿ ಇದನ್ನ ಮಾದಕವಸ್ತು ಕಾಯ್ದೆ ಕೆಳಗೆ ತಂದ್ರು. ಆಪರೇಷನ್ ನೋವಿಗೆ, ಕ್ಯಾನ್ಸರ್ ನೋವಿಗೆ ಇಂಥ ಔಷಧಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೂರು ತಿಂಗಳು ದಾಟಿದ ಸೊಂಟನೋವಿಗೆ ದಿನಾ ನುಂಗ್ತಾ ಹೋದ್ರೆ ದೇಹ ಒಗ್ಗಿಹೋಗತ್ತೆ, ಅದೇ ಡೋಸ್ ಸಾಲಲ್ಲ, ಕೆಲವರಿಗಂತೂ ಔಷಧಿಯಿಂದಲೇ ನೋವು ಹೆಚ್ಚಾಗೋದೂ ಉಂಟು.

ಅಮೆರಿಕದ ಸಿಯಾಟಲ್‌ನಲ್ಲಿ ವಿಲ್ಬರ್ಟ್ ಫೋರ್ಡೈಸ್ ಅನ್ನೋ ಮನಶ್ಶಾಸ್ತ್ರಜ್ಞರು ಹಳೇ ನೋವಿನ ಪೇಷಂಟ್‌ಗಳಲ್ಲಿ ಒಂದು ವಿಷಯ ಗಮನಿಸಿದ್ರು. ನೋವು ಬಂದಾಗ ಮಾತ್ರೆ, ನೋವು ಬಂದಾಗ ರೆಸ್ಟ್, ನೋವು ಬಂದಾಗಲೇ ಮನೆಯವರ ಉಪಚಾರ. ಹೀಗೆ ಆಗ್ತಾ ಆಗ್ತಾ ಮೈ ಮನಸ್ಸು ಎರಡೂ ಇದನ್ನೇ ಕಲಿತುಬಿಡತ್ತೆ. ಹಂಗಂತ ನೋವು ಸುಳ್ಳಲ್ಲ, "ಅದೆಲ್ಲ ಮನಸ್ಸಿಂದು" ಅಂತ ನೋವಿರೋರಿಗೆ ಹೇಳೋದು ನಂಗೆ ಸಿಟ್ಟು ತರಿಸೋ ಮಾತು. ಫೋರ್ಡೈಸ್ ಮಾಡಿದ್ದು ಇಷ್ಟು: ಮಾತ್ರೆಯನ್ನ ನೋವಿನಿಂದ ಬಿಡಿಸಿ ಗಡಿಯಾರಕ್ಕೆ ಕಟ್ಟಿದ್ರು, ನೋವಿರಲಿ ಬಿಡಲಿ ಗೊತ್ತಾದ ಹೊತ್ತಿಗೆ ಸಿರಪ್‌ನಲ್ಲಿ ಬೆರೆಸಿ ಕೊಡೋದು, ಆಮೇಲೆ ನಿಧಾನಕ್ಕೆ ಅದರೊಳಗಿನ ಔಷಧಿ ಇಳಿಸೋದು. ಕೆಲಸ, ವ್ಯಾಯಾಮ, ವಿಶ್ರಾಂತಿಗೂ ಹಾಗೇ ಮೊದಲೇ ಅಳತೆ.

ಈಚೆಗೆ ಇನ್ನೊಂದು ದಾರಿ ಬಂದಿದೆ. ಯೂಟಾ ವಿಶ್ವವಿದ್ಯಾಲಯದ ಎರಿಕ್ ಗಾರ್ಲೆಂಡ್ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 250 ಜನ ಇದ್ರು, ಎಲ್ರಿಗೂ ಹಳೇ ನೋವು, ಎಲ್ರೂ ಒಪಿಯಾಯ್ಡ್ ದುರ್ಬಳಕೆಗೆ ಸಿಕ್ಕಿದವ್ರು. ಅವರಲ್ಲಿ ಒಂದು ಭಾಗದವರನ್ನ ಎಂಟು ವಾರ ಗುಂಪಲ್ಲಿ ಕೂರಿಸಿ ಕಲಿಸಿದ ಒಂದು ಪಾಠ ನಂಗೆ ತುಂಬಾ ಇಷ್ಟ ಆಯ್ತು: ಮಾತ್ರೆ ಬಾಯಿಗೆ ಹಾಕೋಕ್ಮುಂಚೆ ಮೂರು ನಿಮಿಷ ಉಸಿರಿನ ಮೇಲೆ ಗಮನ ಇಟ್ಟು, ಈಗ ಕೇಳ್ತಿರೋದು ನೋವಾ, ಚಟವಾ ಅಂತ ನೋಡ್ಕೊಳ್ಳೋದು. ಒಂಬತ್ತು ತಿಂಗಳಾದ್ಮೇಲೆ ಹೀಗೆ ಕಲಿತವರಲ್ಲಿ ಶೇ. 45ರಷ್ಟು ಜನ ದುರ್ಬಳಕೆ ನಿಲ್ಲಿಸಿದ್ರು, ಬರೀ ಮಾಮೂಲಿ ಗುಂಪು ಚರ್ಚೆಯಲ್ಲಿ ಕೂತವರಲ್ಲಿ ಶೇ. 24.

ಇದನ್ನ ಓದಿ ಯಾರೂ ಮಾತ್ರೆ ಒಮ್ಮೆಲೇ ಬಿಡಬೇಡಿ ದಯವಿಟ್ಟು. ಬೆವರು, ನಡುಕ, ವಾಂತಿ, ನಿದ್ದೆಗೇಡು ಎಲ್ಲ ಒಟ್ಟಿಗೇ ಬರಬಹುದು, ಡಾಕ್ಟರ್ ಹೇಳಿದಂಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ಬೇಕು.

ದೊಡ್ಡಾಯಿಗೂ ಡಾಕ್ಟರ್ ಈಗ ಹಾಗೇ ಇಳಿಸ್ತಿದಾರೆ. ಮೆಟ್ಟುಗತ್ತಿ ಪಕ್ಕ ಮೊಬೈಲ್ ಇಟ್ಟು ಹದಿನೈದು ನಿಮಿಷಕ್ಕೆ ಅಲಾರಂ. ಮೊದಲ ದಿನ ಅದು ಹೊಡ್ಕೊಂಡಾಗ ಸೊಂಟ ಇನ್ನೂ ಚೆನ್ನಾಗೇ ಇತ್ತು, ಅರ್ಧ ಸುಲಿದ ಅಡಿಕೆ ಕೈಯಲ್ಲಿ, ಏಳೋಕೆ ಮನಸ್ಸೇ ಇಲ್ಲ. ಆದ್ರೂ ಎದ್ಲು, ಅಡಿಕೆ ಬುಟ್ಟಿಗೆ ಹಾಕಿ, ಅಂಗಳಕ್ಕೆ ಹೋಗಿ ತುಳಸಿಕಟ್ಟೆಗೆ ಎರಡು ಸುತ್ತು ಹಾಕಿ ಬಂದು ಮತ್ತೆ ಕೂತ್ಲು.