ಡೈ ಕಟ್ ಕಾರ್ಡ್: ಎರಡು ಥರದ ಒತ್ತು

ಪೂರಿ ಗುಂಡಗೆ ಬರದಿದ್ದರೆ ನಮ್ಮ ಮನೆಗಳಲ್ಲಿ ಒಂದು ಉಪಾಯ ಉಂಟು. ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ, ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಒತ್ತಿಬಿಡುವುದು. ಡೈ ಕಟಿಂಗ್ ಅಂದರೆ ಅಷ್ಟೇ. ಮುಚ್ಚಳವೇ ಡೈ, ಹಿಟ್ಟು ಕಾಗದ, ಮಣೆ ಕೆಳಗಿನ ಪ್ಲೇಟ್, ಅಂಗೈ ರೋಲರ್. ಮಣೆಗೆ ತಗ್ಗಿದ್ದರೆ ಆ ಜಾಗದಲ್ಲಿ ಪೂರಿ ಅಂಟಿಕೊಂಡೇ ಇರುತ್ತದೆ. ಕಾಗದದ ಕಥೆಯೂ ಹಾಗೇ.

ಕತ್ತರಿಯಲ್ಲಿ ಎರಡು ಅಲಗು ಒಂದನ್ನೊಂದು ದಾಟಿ ಹೋಗುತ್ತವೆ. ಡೈಯಲ್ಲಿ ಇರುವುದು ಒಂದೇ ಅಲಗು. ಅದು ಕಾಗದವನ್ನು ಗಟ್ಟಿ ಪ್ಲೇಟಿನ ಮೇಲೆ ಒತ್ತುತ್ತದೆ, ಅಷ್ಟೇ. ಆದ್ದರಿಂದ ಕೆಟ್ಟ ಕಟ್ ಬಂದಾಗೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಒತ್ತು ಎಲ್ಲಿ ಕಮ್ಮಿಯಾಯಿತು? ಡೈ ಹಾಳಾಗಿರುವುದು ತುಂಬಾ ಅಪರೂಪ.

ಯುಗಾದಿಗೆ ಮಾವಿನೆಲೆ ತೋರಣದ ಕಾರ್ಡ್ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ಹತ್ತಿರ ಇರುವುದು ಆರು ಇಂಚು ಅಗಲದ, ಕೈಯಲ್ಲಿ ತಿರುಗಿಸುವ ಮಿಷನ್. ಬಿಗ್ ಶಾಟ್ ಥರದ್ದು. ಕರೆಂಟ್ ಬೇಡ, ಕಂಪ್ಯೂಟರ್ ಬೇಡ.

ರೋಲರ್ ನಡುವಿನ ಜಾಗ

ಮಿಷನ್ ಒಳಗೆ ಎರಡು ರೋಲರ್. ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಬದಲಾಗುವುದು ನಾವು ಒಳಗೆ ಕಳಿಸುವ ಸ್ಯಾಂಡ್‌ವಿಚ್ಚಿನ ದಪ್ಪ. ಕೆಳಗೆ ದಪ್ಪ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಪ್ಲೇಟ್, ಮೇಲೆ ಕಾಗದ, ಅದರ ಮೇಲೆ ಅಲಗು ಕೆಳಮುಖವಾಗಿ ಡೈ, ಕೊನೆಗೆ ಇನ್ನೊಂದು ಪ್ಲೇಟ್. ತೆಳು ಡೈಗಳಿಗೆ ಈ ಲೆಕ್ಕ. ಇವನ್ನು ಲೋಹದ ತೆಳು ಹಾಳೆಯಿಂದ, ಬೇಡದ ಭಾಗವನ್ನು ರಾಸಾಯನಿಕದಲ್ಲಿ ಕರಗಿಸಿ ಮಾಡುತ್ತಾರೆ. ಅಂಚಿನ ಗೆರೆ ಮಾತ್ರ ಏಣಿನ ಹಾಗೆ ಎದ್ದು ನಿಲ್ಲುತ್ತದೆ. ಬೆರಳು ಆಡಿಸಿದರೆ ಯಾವ ಬದಿ ಅಲಗು ಅಂತ ಗೊತ್ತಾಗುತ್ತದೆ.

ಎಲೆಯ ತುದಿ ಕತ್ತರಿಸಿಲ್ಲ ಅನ್ನಿ. ಡೈಯನ್ನು ಬೈಯಬೇಡಿ. ಒಂದು ಸಾದಾ ಪ್ರಿಂಟ್ ಹಾಳೆಯನ್ನು ಸ್ಯಾಂಡ್‌ವಿಚ್ಚಿಗೆ ಸೇರಿಸಿ ಮತ್ತೆ ತಿರುಗಿಸಿ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅಷ್ಟಕ್ಕೇ ಕಟ್ ಸರಿಹೋಗುತ್ತದೆ ಅಂದರೆ ಈ ಕೆಲಸ ಎಷ್ಟು ನಾಜೂಕಿನದು ನೋಡಿ. ಇನ್ನೂ ಆಗದಿದ್ದರೆ ಇನ್ನೊಂದು ಹಾಳೆ. ಒಂದೊಂದಾಗಿಯೇ.

ನಾನು ಒಂದೊಂದಾಗಿ ಹಾಕಲಿಲ್ಲ. ಮೊದಲ ವಾರದ ಉತ್ಸಾಹ! ನೋಟ್‌ಬುಕ್ಕಿನ ರಟ್ಟನ್ನೇ ಹರಿದು ತುರುಕಿದೆ. ಹಿಡಿ ಅರ್ಧಕ್ಕೆ ನಿಂತಿತು. ಎದ್ದು ನಿಂತು ಭುಜ ಕೊಟ್ಟು ತಿರುಗಿಸಿದೆ. ಪಟ್ ಅಂತು. ಪ್ಲೇಟ್ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ಈಗ ಗೊತ್ತಿದೆ: ಕಡಲೆಕಾಯಿ ಸುಲಿದ ಹಾಗೆ ಚಟಪಟ ಸದ್ದು ಬಂದರೆ ಹೆದರಬೇಕಿಲ್ಲ, ಅದು ಅಲಗು ಪ್ಲೇಟಿಗೆ ಕಚ್ಚುವ ಸದ್ದು. ಹಿಡಿ ಗಟ್ಟಿಯಾಗಿ ನಿಂತರೆ ಮಾತ್ರ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆಯಬೇಕು.

ಇನ್ನೊಂದು ವಿಷಯ. ರೋಲರ್ ಇಡೀ ಡೈಯನ್ನು ಒಟ್ಟಿಗೆ ಒತ್ತುವುದಿಲ್ಲ. ಒಂದು ಸಲಕ್ಕೆ ಒಂದು ಗೆರೆಯಷ್ಟು ಜಾಗವನ್ನು ಮಾತ್ರ ಒತ್ತುತ್ತದೆ. ಚೌಕದ ಡೈಯನ್ನು ನೆಟ್ಟಗೆ ಇಟ್ಟರೆ ಅದರ ಉದ್ದ ಅಂಚು ಪೂರ್ತಿ ಒಂದೇ ಏಟಿಗೆ ರೋಲರ್ ಅಡಿ ಬರುತ್ತದೆ. ಆಗ ಒತ್ತು ಹಂಚಿಹೋಗುತ್ತದೆ, ಹಿಡಿಯೂ ಬಿಗಿ. ಡೈಯನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಅಂಚು ಚೂರುಚೂರಾಗಿ ಒಳಗೆ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದು ದಿನ ಸುಮ್ನೆ ವಾರೆಯಾಗಿ ಬಿದ್ದ ಡೈ ಚೆನ್ನಾಗಿ ಕತ್ತರಿಸಿತು, ಆಮೇಲೆ ಯಾಕೆ ಅಂತ ಯೋಚಿಸಿದೆ.

ಬಳಸಿದ ಹಾಗೆಲ್ಲ ಪ್ಲೇಟುಗಳು ಬಾಳೆಲೆಯ ಥರ ಬಾಗುತ್ತವೆ. ಪ್ರತಿ ಸಲ ಮಗುಚಿ ಹಾಕಿ. ಒಂದೇ ಜಾಗದಲ್ಲಿ ಡೈ ಇಡುತ್ತಾ ಹೋದರೆ ಅಲ್ಲಿ ತಗ್ಗಾಗಿ, ಅಲ್ಲೇ ಒತ್ತು ಕಮ್ಮಿಯಾಗುತ್ತದೆ. ಮತ್ತೆ ಪೂರಿ ಮಣೆಯ ಕಥೆ.

ಪ್ರೆಸ್ಸಿನಲ್ಲಿ ಇದಕ್ಕೆ ಪಂಚಿಂಗ್ ಅಂತಾರೆ

ಲಗ್ನಪತ್ರಿಕೆ ಮಾಡುವ ಒಂದು ಪ್ರೆಸ್ಸಿನಲ್ಲಿ ಡೈ ಬೋರ್ಡ್ ನೋಡಿದ್ದೆ. ಸುಮಾರು 18 ಮಿಲಿಮೀಟರ್ ದಪ್ಪದ ಪ್ಲೈವುಡ್. ಅದರಲ್ಲಿ ಗೆರೆ ಕೊರೆದು, ಬೇಕಾದ ಆಕಾರಕ್ಕೆ ಬಗ್ಗಿಸಿದ ಸ್ಟೀಲ್ ಪಟ್ಟಿ ಹೊಡೆದಿರುತ್ತಾರೆ. ಪಟ್ಟಿಯ ಸಾಮಾನ್ಯ ಎತ್ತರ 23.8 ಮಿಲಿಮೀಟರ್, ಹಾಗಾಗಿ ಅಲಗು ಹಲಗೆಯಿಂದ ಐದಾರು ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಪಕ್ಕದಲ್ಲೆಲ್ಲ ರಬ್ಬರ್ ತುಂಡು ಅಂಟಿಸಿರುತ್ತಾರೆ. ಕತ್ತರಿಸಿದ ಕಾಗದವನ್ನು ಅಲಗಿನ ನಡುವಿನಿಂದ ಹೊರಗೆ ತಳ್ಳುವುದು ಅದರ ಕೆಲಸ. ಮಡಿಕೆ ಬೀಳಬೇಕಾದ ಕಡೆ ಮೊಂಡು ಪಟ್ಟಿ, ಅದು ಅಲಗಿಗಿಂತ ಒಂದು ಕೂದಲೆಳೆ ಗಿಡ್ಡ. ಅದೇ ಕ್ರೀಸಿಂಗ್.

ಕಟ್ ಮತ್ತು ಮಡಿಕೆ ಎರಡೂ ಒಂದೇ ಏಟಿಗೆ ಬೀಳುವ ಈ ಯೋಚನೆಗೆ ಒಂದು ಎಡವಟ್ಟು ಕಾರಣ. 1879ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಗೇರ್ ಎಂಬ ಕಾಗದದ ಚೀಲ ತಯಾರಕರ ಕಾರ್ಖಾನೆಯಲ್ಲಿ ಬೀಜದ ಚೀಲಗಳ ಅಚ್ಚು ನಡೆಯುತ್ತಿತ್ತು. ಮಡಿಕೆ ಮೂಡಿಸಬೇಕಿದ್ದ ಲೋಹದ ಪಟ್ಟಿ ಜಾಗ ತಪ್ಪಿ ಚೀಲಗಳನ್ನು ಕತ್ತರಿಸಿಬಿಟ್ಟಿತು. ಬೇರೆಯವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದರೇನೋ. ಗೇರ್ ಅವರು ಎರಡನ್ನೂ ಒಟ್ಟಿಗೆ ಮಾಡಬಹುದಲ್ಲ ಎಂದು ಹಿಡಿದುಕೊಂಡರು. ಮಡಚುವ ರಟ್ಟಿನ ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟು ತಯಾರಾಗತೊಡಗಿದ್ದು ಅಲ್ಲಿಂದಲೇ.

ಕಾಗದ

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. ಕಾರ್ಡಿನ ಮೈಗೆ 250, ಎಲೆಗಳಿಗೆ 160ರಿಂದ 200 ಸಾಕು. ಎಲೆಗೂ 300 ಹಾಕಿದರೆ ಸಣ್ಣ ನರಗಳು ಸರಿಯಾಗಿ ಕತ್ತರಿಸುವುದಿಲ್ಲ.

ನಾರಿನ ದಿಕ್ಕನ್ನು ಯಾರೂ ಮೊದಲಿಗೆ ಗಮನಿಸುವುದಿಲ್ಲ. ಮಿಷನ್ನಿನಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ಗೆರೆಯ ಉದ್ದಕ್ಕೇ ಬರಬೇಕು. ಅಡ್ಡ ಮಡಚಿದರೆ ಬಣ್ಣದ ಕಾಗದದ ಬೆನ್ನು ಬಿರಿದು ಒಳಗಿನ ಬಿಳಿ ಇಣುಕುತ್ತದೆ. ಮಡಚುವ ಮುಂಚೆ ಸ್ಟೀಲ್ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದು ಗೀಟು ಎಳೆಯಿರಿ. ದುಡ್ಡು ಕೊಟ್ಟು ತಂದ, ಮಡಿಕೆ ಒತ್ತುವ ಬೋನ್ ಫೋಲ್ಡರಿಗಿಂತ ನನಗೆ ಇದೇ ಇಷ್ಟ.

ಡೈಯ ಸಂದುಗೊಂದುಗಳಲ್ಲಿ ಕಾಗದ ಸಿಕ್ಕಿಕೊಂಡರೆ ಪಿನ್ನಿನಿಂದ ಕೆದಕುತ್ತಾ ಕೂರಬೇಡಿ. ಮುಂದಿನ ಸಲ ಕಾಗದಕ್ಕೂ ಡೈಗೂ ನಡುವೆ ಒಂದು ಚೂರು ಬಟರ್ ಪೇಪರ್ ಇಡಿ. ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಎರಡನೇ ಒತ್ತು

ಈಗ ನನಗೆ ಜಾಸ್ತಿ ಇಷ್ಟವಾದ ಭಾಗ. ಅಂಗಡಿಯಲ್ಲಿ ಸಿಗುವ ಅಕ್ಷರದ ಡೈಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ‘ಯುಗಾದಿ’ ಅಂತ ಕತ್ತರಿಸಬೇಕಾದರೆ ಕ್ರಿಕಟ್ ಅಥವಾ ಸಿಲೂಯೆಟ್ ಥರದ, ಕಂಪ್ಯೂಟರ್ ಹೇಳಿದ ಹಾಗೆ ಸಣ್ಣ ಬ್ಲೇಡ್ ಓಡಿಸುವ ಮಿಷನ್ ಬೇಕು. ಇಲ್ಲವೇ ಪ್ರಿಂಟ್ ತೆಗೆದು ಕಟರಿನಲ್ಲಿ ಕೈಯಿಂದ ಕೊರೆಯಬೇಕು. ಎರಡರಲ್ಲೂ ತೊಡಕು ಒಂದೇ: ನಮ್ಮ ಲಿಪಿ.

ಇಂಗ್ಲಿಷಿನ ಕೂಡುಬರಹದಲ್ಲಿ ಪದ ಪೂರ್ತಿ ಒಂದೇ ಎಳೆ. ಕತ್ತರಿಸಿದರೆ ಒಂದೇ ತುಂಡು ಕೈಗೆ ಬರುತ್ತದೆ. ಕನ್ನಡದಲ್ಲಿ ಅಕ್ಷರ ಅಕ್ಷರ ಬಿಡಿ. ಸಾಲದ್ದಕ್ಕೆ ಕೆಳಗೆ ಒತ್ತಕ್ಷರ. ‘ಹುಟ್ಟುಹಬ್ಬ’ ಕತ್ತರಿಸಿ ನೋಡಿ. ಹು, ಟು, ಹ, ಬ ಅಂತ ನಾಲ್ಕು ತುಂಡು. ಟ ಒತ್ತು, ಬ ಒತ್ತು ಮೇಲಿನ ಅಕ್ಷರಕ್ಕೆ ತಾಗದ ಫಾಂಟ್ ಆದರೆ ಒಟ್ಟು ಆರು. ನನ್ನ ಬ ಒತ್ತು ಫ್ಯಾನ್ ಗಾಳಿಗೆ ಹಾರಿ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಯುಗಾದಿಗೆ ಒತ್ತಿನ ಕಾಟವೇ ಇಲ್ಲ, ಮೂರೇ ಅಕ್ಷರ. ಹೊಸಬರು ಇದರಿಂದಲೇ ಶುರು ಮಾಡಿ.

ನಾನು ಮಾಡುವುದು ಹೀಗೆ. ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಪದ ಟೈಪ್ ಮಾಡುತ್ತೇನೆ. ‘ಬಾಲೂ ತಮ್ಮ’ ಅನ್ನುವ ಫಾಂಟ್ ಈ ಕೆಲಸಕ್ಕೆ ಒಳ್ಳೆಯದು. ದಪ್ಪಗೆ, ದುಂಡಗೆ ಇದೆ, ಕಡ್ಡಿಯಂಥ ತೆಳು ಭಾಗಗಳು ಕಮ್ಮಿ. ಆಮೇಲೆ ಅಕ್ಷರಗಳನ್ನು ಒಂದಕ್ಕೊಂದು ಒಂದು ಮಿಲಿಮೀಟರಿನಷ್ಟು ಹತ್ತಿಸುತ್ತೇನೆ. ಒತ್ತನ್ನು ಮೇಲಕ್ಕೆ ಎಳೆದು ಅಕ್ಷರದ ಬುಡಕ್ಕೆ ತಾಗಿಸುತ್ತೇನೆ. ಕೊನೆಗೆ ಎಲ್ಲವನ್ನೂ ಪಾಥ್, ಅಂದರೆ ಬರೀ ಗೆರೆಯ ಆಕಾರ ಮಾಡಿ, ಒಂದುಗೂಡಿಸುವ ಯೂನಿಯನ್ ಆಯ್ಕೆ ಕೊಟ್ಟರೆ ಒಳಗಿನ ಅಡ್ಡಗೆರೆಗಳು ಹೋಗಿ ಇಡೀ ಪದಕ್ಕೆ ಒಂದೇ ಹೊರಗೆರೆ ಉಳಿಯುತ್ತದೆ. ಈ ಹೆಜ್ಜೆ ಮರೆತರೆ ಬ್ಲೇಡ್ ಅಕ್ಷರಗಳು ಕೂಡುವ ಜಾಗದಲ್ಲೇ ಕತ್ತರಿಸಿ ಮತ್ತೆ ಬಿಡಿಬಿಡಿ ಮಾಡುತ್ತದೆ.

ಒತ್ತು ತೀರಾ ಕೆಳಗೆ ಇಳಿದು ತಾಗುವುದೇ ಇಲ್ಲ ಅಂದಾಗ ಪದದ ಅಡಿಯಲ್ಲಿ ಒಂದು ಬಳ್ಳಿ ಎಳೆಯಿರಿ. ಅಕ್ಷರದ ಬುಡವೂ ಒತ್ತಿನ ತಲೆಯೂ ಅದಕ್ಕೆ ಅಂಟಿಕೊಳ್ಳುತ್ತವೆ. ನೋಡುವವರಿಗೆ ಅಲಂಕಾರ, ನಮಗೆ ಆಧಾರ.

ಪದವನ್ನು ಕಿಟಕಿಯಂತೆ, ಅಂದರೆ ಕಾಗದದಲ್ಲಿ ತೂತಾಗಿ ಕತ್ತರಿಸುವುದಾದರೆ ಲೆಕ್ಕ ಉಲ್ಟಾ. ಆಗ ಬಿಡಿ ಅಕ್ಷರಗಳಿಂದ ತೊಂದರೆಯಿಲ್ಲ, ಅಕ್ಷರದ ಹೊಟ್ಟೆಯದ್ದೇ ಚಿಂತೆ. ‘ದಿ’ಯ ಗುಡಿಸಿನೊಳಗಿನ ಚೂರು, ‘ಯ’ದ ಒಳಗಿನ ಚೂರು ಎಲ್ಲ ಉದುರಿಬಿಡುತ್ತವೆ. ಎತ್ತಿಟ್ಟುಕೊಂಡು ಆಮೇಲೆ ಒಂದೊಂದನ್ನೂ ಅದರದರ ಜಾಗಕ್ಕೆ ಅಂಟಿಸಬೇಕು. ‘ಠ’ದ ನಡುವಿನ ಚುಕ್ಕಿಯ ಸುತ್ತಿನ ಬಳೆಯನ್ನು ಸರಿಯಾಗಿ ಕೂರಿಸಿದವರಿಗೆ ನನ್ನ ನಮಸ್ಕಾರ.

ಯಾರಾದರೂ ನಿಮಗೆ ಕನ್ನಡ ಪದದ ಲೋಹದ ಡೈ ಮಾಡಿಸಿಕೊಟ್ಟರೆ ಒಂದು ಎಚ್ಚರಿಕೆ. ಅಲಗಿನ ಬದಿಯಿಂದ ನೋಡಿದಾಗ ಪದ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಇರಬೇಕು, ರಬ್ಬರ್ ಸ್ಟಾಂಪಿನ ಥರ. ಅಲಗು ಕಾಗದದ ಚಂದದ ಬದಿಗೆ ತಾಗಬೇಕು. ನಾನು ಮಿನುಗು ಹಾಳೆಯನ್ನು ಬೆನ್ನು ಮೇಲಾಗಿ ಇಟ್ಟು ಐದು ಸಲ ಕತ್ತರಿಸಿದೆ. ಐದು ಉಲ್ಟಾ ‘ಶುಭಾಶಯ’. ಬೆಳ್ಳಿ ಬಣ್ಣದ್ದು ಬೇರೆ.

ತೋರಣ, ಮಾವಿನಕಾಯಿ

ಎ4 ಹಾಳೆಯನ್ನು ಅರ್ಧ ಮಾಡಿದರೆ ಎ5, ಅದನ್ನು ಮಡಚಿದರೆ 105 ಗುಣಿಸು 148 ಮಿಲಿಮೀಟರಿನ ಎ6 ಕಾರ್ಡ್. ಒಂದೇ ಎಲೆ ಡೈ, ಮೂರು ಹಸಿರು ಕಾಗದ. ಒಂಬತ್ತು ಎಲೆ ಕತ್ತರಿಸಿ, ನಡು ನರದ ಮೇಲೆ ಸ್ವಲ್ಪವೇ ಮಡಚಿ, ಬುಡಕ್ಕೆ ಮಾತ್ರ ಅಂಟು ಹಾಕಿ ದಾರದ ಮೇಲೆ ಸಾಲಾಗಿ ಹಚ್ಚಿ. ತುದಿಗಳು ಎದ್ದು ನಿಂತರೆ ತೋರಣಕ್ಕೆ ಜೀವ ಬರುತ್ತದೆ. ಎಲ್ಲಾ ಎಲೆಯನ್ನೂ ಒಂದೇ ಹಸಿರಿನಲ್ಲಿ ಮಾಡಿದ ನನ್ನ ಮೊದಲ ಕಾರ್ಡ್ ಪ್ಲಾಸ್ಟಿಕ್ ತೋರಣದ ಥರ ಕಂಡಿತು. ಒಂದೆರಡು ಎಲೆಗಳಿಗೆ ಚಿಗುರಿನ ಕೆಂಪುಮಿಶ್ರಿತ ಬಣ್ಣ ಕೊಡಿ.

ಕಾರ್ಡೇ ಮಾವಿನಕಾಯಿ ಆಕಾರಕ್ಕೆ ಬೇಕಾ? ಕಾಗದ ಮಡಚಿ, ಡೈಯ ಒಂದು ಪಕ್ಕ ಮಡಿಕೆಯಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಚಾಚುವ ಹಾಗೆ ಇಡಿ. ಹೊರಗೆ ಚಾಚಿದ ಅಲಗಿನ ಅಡಿ ಕಾಗದವೇ ಇಲ್ಲ, ಹಾಗಾಗಿ ಅಷ್ಟು ದೂರ ಮಡಿಕೆ ಉಳಿದು ಕೀಲಿನ ಹಾಗೆ ಕೆಲಸ ಮಾಡುತ್ತದೆ. ಎರಡು ಪದರ ಒಟ್ಟಿಗೆ ಹೋಗುವುದರಿಂದ 200 ಜಿಎಸ್‌ಎಂ ದಾಟಬೇಡಿ. ಡೈ ಜರುಗದಂತೆ ಪೇಂಟರ್‌ಗಳು ಬಳಸುವ ಕಾಗದದ ಟೇಪು ಹಚ್ಚಿ.

ಫೆವಿಕಾಲ್ ಜಾಸ್ತಿ ಆದರೆ ಅದರ ನೀರಿಗೆ ತೆಳು ಎಲೆ ಹಪ್ಪಳದ ಹಾಗೆ ಸುರುಳುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ ಸಾಕು.

ಅಂಚೆಗೆ ಹಾಕುವ ಮುಂಚೆ ತೂಕ ನೋಡಿ. ಎ4 ಅಂದರೆ ಚದರ ಮೀಟರಿನ ಹದಿನಾರನೇ ಒಂದು ಭಾಗ. 250 ಜಿಎಸ್‌ಎಂ ಹಾಳೆಯಾದರೆ 15.6 ಗ್ರಾಂ, ಅರ್ಧ ಹಾಳೆಯ ಕಾರ್ಡ್ 7.8 ಗ್ರಾಂ. ಲಕೋಟೆಗೆ ನಾಲ್ಕೈದು ಗ್ರಾಂ ಹಿಡಿಯಿರಿ. ಪತ್ರದ ಮೊದಲ ದರ 20 ಗ್ರಾಂವರೆಗೆ, ಅಂದರೆ ಅಲಂಕಾರಕ್ಕೆ ಉಳಿಯುವುದು ಏಳೆಂಟು ಗ್ರಾಂ. ಒಂಬತ್ತು ಎಲೆ, ದಾರ, ಯುಗಾದಿ ಎಲ್ಲ ಸೇರಿ ನನಗೆ ಆರಾಮಾಗಿ ಹಿಡಿಸಿತು. ಫೋಮ್ ಟೇಪ್ ಹಚ್ಚಿ ಎಲೆಗಳನ್ನು ಎತ್ತರಿಸಿದ ಒಂದು ಕಾರ್ಡನ್ನು ಮಾತ್ರ ಅಂಚೆಗೆ ಹಾಕಲಿಲ್ಲ. ಅಲ್ಲಿ ಸೀಲ್ ಕುಟ್ಟುವ ರಭಸ ಗೊತ್ತಲ್ಲ, ಆ ಮೂರನೇ ಒತ್ತು ಬೇಡ ಅಂತ ಕೈಯಲ್ಲೇ ಹಿಡಿದುಕೊಂಡು ಹೋಗಿ ಅಜ್ಜಿಗೆ ಕೊಟ್ಟೆ.