ತಲೆಯ ಈ ಗಂಟು ಬರೀ ಕುರುವಲ್ಲ

ನಮ್ಮ ಮಂಡ್ಯದ ಕಡೆ ತಲೆಯಲ್ಲಿ ಕೀವುಗಂಟು ಎದ್ದರೆ ಮನೆಯಲ್ಲಿ ಒಂದೇ ಮಾತು: ಉಷ್ಣ ಜಾಸ್ತಿಯಾಗಿದೆ, ಹರಳೆಣ್ಣೆ ಹಚ್ಚು. ಬಹುತೇಕ ಸಲ ಅದು ಮಾಮೂಲಿ ಕುರುವೇ, ಒಡೆದು ಒಣಗುತ್ತದೆ. ಆದರೆ ನೆತ್ತಿ, ಹಿಂದಲೆಯಲ್ಲಿ ಒಂದರ ಪಕ್ಕ ಇನ್ನೊಂದು ಏಳುತ್ತಾ, ಅದರ ಮೇಲಿನ ಕೂದಲು ಉದುರುತ್ತಾ ತಿಂಗಳುಗಟ್ಟಲೆ ಕಾಡಿದರೆ ಡಿಸೆಕ್ಟಿಂಗ್ ಸೆಲ್ಯುಲೈಟಿಸ್ ಇರಬಹುದು. ಅಪರೂಪದ ಕಾಯಿಲೆ. ಹೆಚ್ಚಾಗಿ 20ರಿಂದ 40 ವರ್ಷದ ಗಂಡಸರಲ್ಲಿ ಕಾಣುತ್ತದೆ.

ಗಂಟು ಮುಟ್ಟಿದರೆ ಮೆತ್ತಗಿರುತ್ತದೆ. ಒಂದನ್ನು ಅದುಮಿದರೆ ಎರಡು ಬೆರಳು ಆಚೆ ಇರುವ ಇನ್ನೊಂದರ ಬಾಯಿಂದ ಕೀವು ಬರುತ್ತದೆ. ಗದ್ದೆ ಬದುವಿನ ಏಡಿಬಿಲಗಳ ಹಾಗೆ ಚರ್ಮದ ಕೆಳಗೆಲ್ಲಾ ದಾರಿ ಆಗಿರುತ್ತದೆ. ಅದಕ್ಕೇ ಒಂದು ಗಂಟನ್ನು ಕೊಯ್ಸಿಕೊಂಡು ಬಂದರೆ ಪಕ್ಕದಲ್ಲಿ ಮತ್ತೊಂದು ಎದ್ದಿರುತ್ತದೆ.

ಆಗುವುದಿಷ್ಟು. ಕೂದಲಿನ ಬುಡದ ಚೀಲ ಕಟ್ಟಿಕೊಂಡು, ಊದಿ, ಒಳಗೇ ಒಡೆಯುತ್ತದೆ. ಚೆಲ್ಲಿದ್ದರ ಮೇಲೆ ದೇಹ ತಿರುಗಿ ಬೀಳುತ್ತದೆ. ಕೀವನ್ನು ಲ್ಯಾಬಿಗೆ ಕಳಿಸಿದರೆ ಎಷ್ಟೋ ಸಲ ಬ್ಯಾಕ್ಟೀರಿಯಾ ಸಿಗೋದೇ ಇಲ್ಲ. ಇದು ಕೊಳಕಿನಿಂದ ಬಂದದ್ದಲ್ಲ, ಅಂಟುವುದೂ ಇಲ್ಲ. ಬಾಚಣಿಗೆ, ಟವೆಲ್ ಬೇರೆ ಮಾಡಿ ಹುಡುಗನನ್ನು ಇನ್ನಷ್ಟು ಕುಗ್ಗಿಸುವುದು ಬೇಡ. ಕಂಕುಳು, ತೊಡೆಸಂದಿಯಲ್ಲೂ ಗಡ್ಡೆ ಏಳುತ್ತವಾ, ಬಾಲಮೂಳೆ ಹತ್ತಿರ ಕೀವಿದೆಯಾ ಅಂತ ತೋರಿಸಿಕೊಳ್ಳಲು ಬಂದವರನ್ನು ನಾನು ಕೇಳುತ್ತೇನೆ. ನಾಚಿಕೊಳ್ಳದೆ ಹೇಳಿ, ಎಲ್ಲಕ್ಕೂ ಬೇರು ಒಂದೇ ಇರಬಹುದು.

ಚಿಕ್ಕ ಮಕ್ಕಳಲ್ಲಿ ಲೆಕ್ಕ ಬೇರೆ. ಅಲ್ಲಿ ಫಂಗಸ್‌ನಿಂದಾಗುವ ಕೀರಿಯಾನ್ ಮೊದಲು ನೋಡಬೇಕು, ಅದರ ಔಷಧಿಯೇ ಬೇರೆ. ನಾಲ್ಕು ಕೂದಲು ಕಿತ್ತು, ಫಂಗಸ್ ಇದೆಯಾ ಅಂತ ನೋಡುವ ಕೆಒಎಚ್ ಪರೀಕ್ಷೆಗೆ ಕೊಟ್ಟರೆ ಸುಳಿವು ಸಿಗುತ್ತದೆ.

ಶುರುವಿನಲ್ಲಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್, ಗಂಟಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಎಷ್ಟೋ ಜನಕ್ಕೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಬೇಕಾಗುತ್ತದೆ, ಅದೂ ತಿಂಗಳುಗಟ್ಟಲೆ. ತುಟಿ ಒಣಗಿ ಬಿರಿಯುತ್ತದೆ. ಲಿವರ್, ಕೊಬ್ಬಿನ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಹೆಂಗಸರು ಈ ಮಾತ್ರೆ ತಗೊಳ್ಳುವಾಗ ಗರ್ಭಿಣಿಯಾಗಲೇಬಾರದು, ಮಗುವಿಗೆ ಅಂಗದೋಷ ಬರುವ ಅಪಾಯ ಹೆಚ್ಚು. ಯಾವುದಕ್ಕೂ ಬಗ್ಗದಿದ್ದರೆ ಉರಿಯೂತ ತಗ್ಗಿಸುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ಇದೆ, ಆದರೆ ದುಬಾರಿ. ಕೀವು ಒಣಗಿದ ಕೂಡಲೇ ವಾಸಿಯಾಯ್ತು ಅಂತ ಮಾತ್ರೆ ಬಿಡುವವರು ಜಾಸ್ತಿ. ಅವರಲ್ಲಿ ಅದು ಮತ್ತೆ ಏಳುತ್ತದೆ.

ಕೂದಲು ವಾಪಸ್ ಬರುತ್ತಾ? ನೀವು ಬೇಗ ಚಿಕಿತ್ಸೆಗೆ ಬಂದರೆ ಸ್ವಲ್ಪ ಬರಬಹುದು. ಚರ್ಮ ನುಣುಪಾಗಿ ಹೊಳೆಯುತ್ತಾ, ರಂಧ್ರಗಳೇ ಕಾಣದಿದ್ದರೆ ಅಲ್ಲಿ ಬೇರು ಸತ್ತಿದೆ. ಮಾದಪ್ಪನಿಗೆ ಮುಡಿ ಕೊಡಿ, ಬೇಡ ಅನ್ನಲ್ಲ, ಆದರೆ ಬೋಳಿಸಿದರೆ ಈ ಕಾಯಿಲೆ ಹೋಗಲ್ಲ. ಹೇರ್ ಟ್ರಾನ್ಸ್‌ಪ್ಲಾಂಟ್ ಯೋಚನೆ ಮಾಡುವುದಾದರೆ ಕಾಯಿಲೆ ಪೂರ್ತಿ ತಣ್ಣಗಾಗಲಿ. ಕೀವಿರುವ ತಲೆಗೆ ಯಾರಾದರೂ ಕೂದಲು ನಾಟಿ ಮಾಡ್ತೀನಿ ಅಂದರೆ, ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.